ಕುಯ್ಲು ಮುಗಿಯಲಿ ಅಂತ ಕಾಯುವ ತಿಂಗಳುಗಳು

ನಾನು ಅನಸ್ತೇಶಿಯಾ ಡಾಕ್ಟರ್. ನಮ್ಮ ಕಡೆ ಜನ "ಮತ್ತು ಬರ್ಸೋ ಡಾಕ್ಟ್ರು" ಅಂತಾರೆ. ಆಪರೇಷನ್‌ಗೆ ಮೊದಲು ರೋಗಿಯನ್ನು ಪೂರ್ತಿ ನೋಡಿ, ಇವರಿಗೆ ಅನಸ್ತೇಶಿಯಾ ಕೊಡಬಹುದು ಅಥವಾ ಬೇಡ ಎಂದು ಬರೆದುಕೊಡುವುದು ನನ್ನ ಕೆಲಸ. ಬಿಪಿ, ಶುಗರ್, ಹೃದಯ, ಶ್ವಾಸಕೋಶ ಎಲ್ಲವನ್ನೂ ನೋಡುತ್ತೇನೆ. ಆದರೆ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ನನ್ನ ಪೆನ್ನು ಜಾಸ್ತಿ ಸಲ ನಿಲ್ಲುವುದು ಒಂದೇ ಕಡೆ. ರಕ್ತ ಪರೀಕ್ಷೆಯ ಚೀಟಿಯ ಮೊದಲ ಸಾಲು, ಹಿಮೋಗ್ಲೋಬಿನ್. ರಕ್ತದಲ್ಲಿ ಆಕ್ಸಿಜನ್ ಹೊರುವ ಅಂಶ ಅದು, ನಾವು ಎಚ್‌ಬಿ ಅಂತೀವಿ.

ನೂರು ಮಿಲಿಲೀಟರ್ ರಕ್ತದಲ್ಲಿ ಹೆಂಗಸರಿಗೆ 12 ಗ್ರಾಂ, ಗಂಡಸರಿಗೆ 13 ಗ್ರಾಂ ಇರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಹೆಂಗಸರಿಗೆ. ಅಂದಮೇಲೆ ಆಪರೇಷನ್‌ಗೆ ಬರುವವರಲ್ಲಿ ರಕ್ತ ಕಮ್ಮಿ ಇರುವುದು ಆಶ್ಚರ್ಯ ಏನಲ್ಲ. ನನಗೆ ಬೇಜಾರಾಗುವುದು ಅದು ಗೊತ್ತಾಗುವ ಹೊತ್ತಿಗೆ. ನಾಳೆ ಬೆಳಿಗ್ಗೆ ಆಪರೇಷನ್, ಇವತ್ತು ಸಂಜೆ ರಿಪೋರ್ಟ್ ಬರುತ್ತದೆ, ಎಚ್‌ಬಿ 7.4. ಮಗ ಬೆಂಗಳೂರಿಂದ ರಜೆ ಹಾಕಿ ಬಂದಿರುತ್ತಾನೆ. ದನಕರು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ಆಗಿರುತ್ತದೆ. ಮನೆಯವರೆಲ್ಲ ಸೇರಿ ಕೇಳುವುದು ಒಂದೇ ಮಾತು: "ಎರಡು ಬಾಟ್ಲಿ ರಕ್ತ ಹಾಕ್ಸಿ ಮಾಡ್ಬಿಡಿ ಮೇಡಂ."

ಈ ಮಾತಿಗೆ ನಾನು ಯಾಕೆ ಒಪ್ಪುವುದಿಲ್ಲ, ಅದರ ಬದಲು ಏನು ಮಾಡಬಹುದು ಎಂದು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಇಲ್ಲಿ ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಅದರ ಹಿಂದೆಯೇ ರೋಬಸ್ಟಾ. ಅದು ಮುಗಿಯುವಾಗ ಕೆಲವು ತೋಟಗಳಲ್ಲಿ ಮಾರ್ಚ್ ಬಂದಿರುತ್ತದೆ. ಹಣ್ಣು ಕೀಳುವವರು ಹೆಚ್ಚಾಗಿ ಹೆಂಗಸರು. ಗರ್ಭಕೋಶದಲ್ಲಿ ಗಡ್ಡೆ ಆಗಿ, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿರುವ ಹೆಂಗಸು ಅಕ್ಟೋಬರ್‌ನಲ್ಲಿ ಡಾಕ್ಟರ್ ಹತ್ತಿರ ಬರುತ್ತಾಳೆ. ಸ್ಕ್ಯಾನಿಂಗ್ ಆಗುತ್ತದೆ. "ಗರ್ಭಕೋಶ ತೆಗೀಬೇಕು" ಅಂತಾರೆ. "ಕುಯ್ಲು ಮುಗಿಸ್ಕೊಂಡು ಬರ್ತೀನಿ" ಅಂತ ಹೊರಡುತ್ತಾಳೆ. ಕುಯ್ಲಿನ ಕೂಲಿ ಬಿಟ್ಟರೆ ವರ್ಷದ ಲೆಕ್ಕವೇ ತಪ್ಪುತ್ತದೆ, ಅದು ನನಗೂ ಗೊತ್ತು. ಹಾಗಾಗಿ ನಾಲ್ಕೈದು ತಿಂಗಳು ಕಾಯುತ್ತಾಳೆ. ಆ ನಾಲ್ಕೈದು ತಿಂಗಳೂ ರಕ್ತ ಹೋಗುತ್ತಲೇ ಇರುತ್ತದೆ. ಯಾರೂ ಅವಳ ಎಚ್‌ಬಿ ನೋಡಿರುವುದಿಲ್ಲ, ನೋಡಿದ್ದರೂ ಚೀಟಿಯಲ್ಲಿ ಒಂದು ತಿಂಗಳ ಟಾನಿಕ್ ಬರೆದು ಬಿಟ್ಟಿರುತ್ತಾರೆ. ಮಾರ್ಚ್‌ನಲ್ಲಿ ಬಂದಾಗ ಅಕ್ಟೋಬರ್‌ಗಿಂತ ಎರಡು ಗ್ರಾಂ ಕಮ್ಮಿ.

ಹಿಮೋಗ್ಲೋಬಿನ್ ಆಗಲು ಮೈಗೆ ಕಬ್ಬಿಣ ಬೇಕು, ರಕ್ತ ಹೋದಂತೆ ಅದೂ ಹೋಗುತ್ತದೆ. ಕಬ್ಬಿಣದ ಚಿಕಿತ್ಸೆಗೆ ಬೇಕಾಗಿರುವುದೇ ಸಮಯ. ಆ ಸಮಯ ಇವರ ಹತ್ತಿರ ಇತ್ತು. ಸುಮ್ನೆ ಕಳೆದುಹೋಯಿತು. ನನಗೆ ಇದಕ್ಕಿಂತ ಬೇಸರದ ವಿಷಯ ಇನ್ನೊಂದಿಲ್ಲ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ. ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವ, ನಲವತ್ತು ದಾಟಿದ ಹೆಂಗಸು. ತೂಕ 52 ಕಿಲೋ, ಎಚ್‌ಬಿ 7.4. ಪರೀಕ್ಷೆಗೆ ಕೂತಾಗ ಅವರ ಬಲಗೈ ಬೆರಳ ತುದಿಯಲ್ಲಿ ಬಿಳಿ ಪುಡಿ ಮೆತ್ತಿಕೊಂಡಿತ್ತು. ಏನಮ್ಮ ಇದು ಅಂದೆ. ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಬಳಪದ ತುಂಡುಗಳು. "ತಿನ್ನಬೇಕು ಅನ್ಸುತ್ತೆ ಮೇಡಂ, ಬಿಡೋಕಾಗಲ್ಲ" ಅಂದರು. ಪಕ್ಕದಲ್ಲಿದ್ದ ಮಗಳಿಗೆ ನಾಚಿಕೆಯಾಯಿತು, ಅಮ್ಮನ ಕೈ ಮುಚ್ಚಿದಳು. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಬಳಪ, ಹಸಿ ಅಕ್ಕಿ, ಮಣ್ಣು, ಐಸ್ ತಿನ್ನಬೇಕು ಅನ್ನಿಸುವುದು ಕಬ್ಬಿಣದ ಕೊರತೆಯ ಒಂದು ಲಕ್ಷಣ. ಕಬ್ಬಿಣ ಒಳಗೆ ಹೋದರೆ ಆ ಚಪಲ ತಾನಾಗಿ ನಿಂತುಹೋಗುವುದನ್ನು ನಾನು ಎಷ್ಟೋ ಜನರಲ್ಲಿ ನೋಡಿದ್ದೇನೆ. ಉಗುರು ನೋಡಿದೆ. ಮಧ್ಯ ತಗ್ಗಿ ಅಂಚು ಮೇಲೆದ್ದಿತ್ತು. ಬಾಯಿಯ ಎರಡೂ ಮೂಲೆ ಸೀಳಿತ್ತು. ನಾಲಿಗೆ ನುಣ್ಣಗೆ. ಲೈನ್ ಮನೆಯಿಂದ ತೋಟಕ್ಕೆ ಹೋಗುವ ಏರಿನಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕು ಅಂದರು. ವಯಸ್ಸಾಯಿತು ಅಂದುಕೊಂಡಿದ್ದರಂತೆ.

ಮಗಳ ಕೈಯಲ್ಲಿ ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇತ್ತು. "ಆಕ್ಸಿಜನ್ 99 ತೋರಿಸುತ್ತೆ ಮೇಡಂ, ಏನೂ ತೊಂದ್ರೆ ಇಲ್ಲ ಅಲ್ವಾ?" ಎಂದು ಕೇಳಿದಳು. ಬಹಳ ಜನ ಕೇಳುವ ಪ್ರಶ್ನೆ ಇದು. ಆ ಯಂತ್ರ ಹೇಳುವುದು ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ತುಂಬಿದೆ ಎಂದು ಮಾತ್ರ. ಊರಿಗೆ ಹತ್ತು ಬಸ್ ಓಡಬೇಕಾದ ಕಡೆ ಐದೇ ಓಡುತ್ತಿದ್ದರೂ ಪ್ರತಿ ಬಸ್ಸಿನ ಸೀಟೂ ಭರ್ತಿ ಇರಬಹುದು. ತಲುಪುವ ಜನ ಮಾತ್ರ ಅರ್ಧ. ಉಳಿದದ್ದನ್ನು ಸರಿದೂಗಿಸಲು ಹೃದಯ ಜೋರಾಗಿ ಬಡಿಯಬೇಕು. ಅವರ ನಾಡಿ ಸುಮ್ಮನೆ ಕೂತಾಗಲೇ 104 ಇತ್ತು.

ಈಗ ಇವರಿಗೆ ಸ್ಪೈನಲ್, ಅಂದರೆ ಬೆನ್ನಿಗೆ ಕೊಡುವ ಅನಸ್ತೇಶಿಯಾ, ಕೊಟ್ಟರೆ ಬಿಪಿ ಇಳಿಯುತ್ತದೆ. ದೊಡ್ಡ ಗಡ್ಡೆ ಇರುವ ಗರ್ಭಕೋಶ ತೆಗೆಯುವಾಗ ಅರ್ಧ ಲೀಟರ್ ರಕ್ತ ಹೋದರೂ ಹೋಯಿತು. 52 ಕಿಲೋ ತೂಕದ ಹೆಂಗಸಿನ ಮೈಯಲ್ಲಿ ಇರುವುದೇ ಸುಮಾರು 3.4 ಲೀಟರ್. ಅರ್ಧ ಲೀಟರ್ ಅಂದರೆ ಏಳರಲ್ಲಿ ಒಂದು ಪಾಲು. 80 ಕಿಲೋ ಗಂಡಸಿಗೆ ಅದೇ ಅರ್ಧ ಲೀಟರ್ ಹನ್ನೊಂದರಲ್ಲಿ ಒಂದು ಪಾಲು. ಹೆಂಗಸರಿಗೆ ಕಮ್ಮಿ ಎಚ್‌ಬಿ ಇದ್ದರೂ ನಡೆಯುತ್ತದೆ ಅನ್ನುವ ಹಳೆಯ ಅಭ್ಯಾಸ ಆಪರೇಷನ್ ಟೇಬಲ್ ಮೇಲೆ ಯಾಕೆ ಸರಿಹೋಗುವುದಿಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಬೇರೆಬೇರೆ ದೇಶದ ತಜ್ಞರು ಸೇರಿ 2017ರಲ್ಲಿ ಹೊರತಂದ ಒಮ್ಮತದ ಸಲಹೆಯಲ್ಲೂ ರಕ್ತ ಜಾಸ್ತಿ ಹೋಗಬಹುದಾದ ಆಪರೇಷನ್‌ಗೆ ಮೊದಲು ಹೆಂಗಸು ಗಂಡಸು ಇಬ್ಬರಿಗೂ 13 ಗ್ರಾಂ ಗುರಿ ಇಟ್ಟುಕೊಳ್ಳಿ ಅಂದಿದ್ದಾರೆ. ನಮ್ಮ ಕಡೆ 13 ಮುಟ್ಟುವುದು ಕಷ್ಟ. ಆದರೆ 7ರಿಂದ 11ಕ್ಕೆ ತರುವುದು ಖಂಡಿತ ಆಗುವ ಕೆಲಸ.

ಇನ್ನು ರಕ್ತದ ಬಾಟ್ಲಿ. ಅದನ್ನು ನಾನು ಬೇಡ ಅನ್ನುವುದಿಲ್ಲ. ಅಪಘಾತ ಆಗಿ ಬಂದವರಿಗೆ, ಹೆರಿಗೆಯಲ್ಲಿ ರಕ್ತಸ್ರಾವ ಆದವರಿಗೆ, ಎಚ್‌ಬಿ ಏಳಕ್ಕಿಂತ ಕೆಳಗಿದ್ದು ಆಪರೇಷನ್ ತಡ ಮಾಡಲಾಗದವರಿಗೆ ರಕ್ತವೇ ಜೀವ ಉಳಿಸುತ್ತದೆ. ಅದಕ್ಕಾಗಿಯೇ ಅದನ್ನು ಉಳಿಸಿಕೊಳ್ಳಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ರಕ್ತದಾನ ಶಿಬಿರಗಳು ಕಮ್ಮಿ. ಬ್ಲಡ್ ಬ್ಯಾಂಕ್‌ನವರು ದಾನಿಗಳನ್ನು ಕರೆತನ್ನಿ ಅಂತಾರೆ. ಮನೆಯವರು ಊರೆಲ್ಲ ಫೋನ್ ಮಾಡುತ್ತಾರೆ. ಒಂದು ಬಾಟ್ಲಿ ಹಾಕಿದರೆ ಎಚ್‌ಬಿ ಏರುವುದು ಸುಮಾರು ಒಂದು ಗ್ರಾಂ. ಬಹಳ ದಿನದಿಂದ ರಕ್ತ ಕಮ್ಮಿ ಇದ್ದವರ ಹೃದಯ ಆಗಲೇ ದಣಿದಿರುತ್ತದೆ, ಅವಸರದಲ್ಲಿ ಎರಡು ಬಾಟ್ಲಿ ಹರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಇದೆ. ಮೇಲಾಗಿ ಶೇಖರಿಸಿಟ್ಟ ರಕ್ತ ಒಳಗೆ ಹೋದ ಕೂಡಲೇ ಪೂರ್ತಿ ಕೆಲಸ ಶುರು ಮಾಡುವುದಿಲ್ಲ, ಆಕ್ಸಿಜನ್ ಬಿಟ್ಟುಕೊಡುವ ಶಕ್ತಿ ಮರಳಲು ಒಂದೆರಡು ದಿನ ಬೇಕು. ಹಿಂದಿನ ರಾತ್ರಿ ಹಾಕಿಸಿ ಬೆಳಿಗ್ಗೆ ಟೇಬಲ್ ಮೇಲೆ ಮಲಗಿಸಿದರೆ ಕಾಗದದ ಮೇಲಿನ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಹತ್ತು ಗ್ರಾಂ ಇಲ್ಲದೆ ಅನಸ್ತೇಶಿಯಾ ಕೊಡಬಾರದು ಅನ್ನುವ ನಿಯಮ ನಾವೆಲ್ಲ ಓದುವಾಗ ಕೇಳಿದ್ದೇ. ಅದು ಅಮೆರಿಕದ ಮೇಯೋ ಕ್ಲಿನಿಕ್‌ನ ಇಬ್ಬರು ವೈದ್ಯರು 1942ರಲ್ಲಿ ಬರೆದ ಸಲಹೆಯಿಂದ ಬಂದದ್ದು. 1999ರಲ್ಲಿ ಕೆನಡಾದಲ್ಲಿ ಐಸಿಯು ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ ಬಂದ ಮೇಲೆ, ಏಳರವರೆಗೂ ಕಾದು ರಕ್ತ ಕೊಟ್ಟರೆ ಹೆಚ್ಚಿನವರಿಗೆ ತೊಂದರೆ ಇಲ್ಲ ಎಂದು ಗೊತ್ತಾಯಿತು. ಇದನ್ನು ಓದಿ ಕೆಲವರು ಎಚ್‌ಬಿ ಎಂಟು ಇದ್ದರೂ ಪರವಾಗಿಲ್ಲ ಹಾಗಾದರೆ ಎಂದು ತಿಳಿಯುತ್ತಾರೆ. ರಕ್ತ ಏರಿಸುವುದು ಬೇಡ ಅಂದಮಾತ್ರಕ್ಕೆ ರಕ್ತಹೀನತೆಗೆ ಚಿಕಿತ್ಸೆಯೇ ಬೇಡ ಅಂತ ಆಗುವುದಿಲ್ಲ. 2011ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಆಪರೇಷನ್‌ಗಳ ದಾಖಲೆ ನೋಡಿದ ವರದಿ ಬಂತು. ಸ್ವಲ್ಪವೇ ರಕ್ತ ಕಮ್ಮಿ ಇದ್ದವರಲ್ಲೂ ಆಪರೇಷನ್ ನಂತರದ 30 ದಿನದಲ್ಲಿ ಸಾವು ಮತ್ತು ತೊಂದರೆಗಳು ಜಾಸ್ತಿ ಇದ್ದವು.

ಆ ಅಮ್ಮನ ಆಪರೇಷನ್ ಮುಂದೂಡಿ ಎಂದು ಬರೆದೆ. ಮಗ ಸಿಟ್ಟಾದ. ರಜೆ ಸಿಗುವುದು ಕಷ್ಟ ಅಂದ. ಅವನ ಕಷ್ಟ ನಿಜವೇ. ನಾನು ಕೇಸ್ ಶೀಟಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. ಗಾನ್ಜೋನಿ ಅನ್ನುವವರ ಹೆಸರಿನ ಸೂತ್ರ ಅದು. ತೂಕವನ್ನು, ಬೇಕಾದ ಎಚ್‌ಬಿಗೂ ಇರುವ ಎಚ್‌ಬಿಗೂ ಇರುವ ವ್ಯತ್ಯಾಸದಿಂದ ಗುಣಿಸಬೇಕು, ಮತ್ತೆ 2.4ರಿಂದ ಗುಣಿಸಿ, ಮೈಯ ಉಗ್ರಾಣ ತುಂಬಲು 500 ಸೇರಿಸಬೇಕು. 52 ಕಿಲೋ, 13ರಿಂದ 7.4 ಕಳೆದರೆ 5.6. ಒಟ್ಟು ಸುಮಾರು 1200 ಮಿಲಿಗ್ರಾಂ ಕಬ್ಬಿಣ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಕೊರತೆ ಇರುವವರ ಕರುಳೂ ಅದರಲ್ಲಿ ಹೀರಿಕೊಳ್ಳುವುದು ಹತ್ತು ಮಿಲಿಗ್ರಾಂ ಆಸುಪಾಸು. ಅಂದರೆ ಒಂದೂ ತಪ್ಪಿಸದೆ ನುಂಗಿದರೂ ನಾಲ್ಕು ತಿಂಗಳು. ಅಕ್ಟೋಬರ್‌ನಲ್ಲೇ ಶುರು ಮಾಡಿದ್ದರೆ ಈ ಮಾತ್ರೆಯೇ ಬಹುಪಾಲು ಕೆಲಸ ಮುಗಿಸುತ್ತಿತ್ತು. ಈಗ ನಮಗಿದ್ದದ್ದು ನಾಲ್ಕು ವಾರ. ಹಾಗಾಗಿ ಕಬ್ಬಿಣವನ್ನು ನೇರ ರಕ್ತಕ್ಕೆ ಹರಿಸುವ ಡ್ರಿಪ್.

ಡ್ರಿಪ್ ಕೊಡುವ ಮೊದಲು ಇದು ಕಬ್ಬಿಣದ ಕೊರತೆಯೇ ಹೌದಾ ಎಂದು ನೋಡಲೇಬೇಕು. ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಪೂರ್ತಿ ಲೆಕ್ಕದ ಪರೀಕ್ಷೆಯಲ್ಲಿ, ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 80ಕ್ಕಿಂತ ಕಮ್ಮಿ ಇದ್ದರೆ ರಕ್ತಕಣ ಸಣ್ಣಗಾಗಿದೆ ಅಂತ. ಮೈಯಲ್ಲಿ ಶೇಖರವಾದ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ 30ಕ್ಕಿಂತ ಕಮ್ಮಿ ಇದ್ದರೆ ಕಬ್ಬಿಣದ ಉಗ್ರಾಣ ಖಾಲಿ. ಸೋಂಕು, ಕ್ಯಾನ್ಸರ್, ಕೀಲುವಾತ ಇದ್ದವರಲ್ಲಿ ಫೆರಿಟಿನ್ ಸುಳ್ಳೇ ಮೇಲೆ ಇರುತ್ತದೆ, ಆಗ 100ರವರೆಗೂ ಅನುಮಾನ ಪಡಬೇಕು, ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ಪಾಲು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಶೇ 20ಕ್ಕಿಂತ ಕಮ್ಮಿ ಇದೆಯಾ ನೋಡಬೇಕು. ಹುಟ್ಟಿನಿಂದಲೇ ಬರುವ ರಕ್ತದ ತೊಂದರೆಯಾದ ಥಲಸ್ಸೀಮಿಯಾದ ವಾಹಕರಿಗೂ ಕಣ ಸಣ್ಣಗಿರುತ್ತದೆ, ಆದರೆ ಕಣಗಳ ಸಂಖ್ಯೆ ಜಾಸ್ತಿ, ಫೆರಿಟಿನ್ ಸರಿ ಇರುತ್ತದೆ. ಅಂಥವರಿಗೆ ವರ್ಷಗಟ್ಟಲೆ ಕಬ್ಬಿಣ ಕೊಟ್ಟರೆ ಉಪಯೋಗವಿಲ್ಲ. ಮಾಂಸ ತಿನ್ನದವರಲ್ಲಿ ವಿಟಮಿನ್ ಬಿ12 ಕೂಡ ಕಮ್ಮಿ ಇರುವುದು ಸಾಮಾನ್ಯ. ಅದೂ ಸೇರಿದ್ದರೆ ಕಬ್ಬಿಣ ಒಂದೇ ಕೊಟ್ಟು ಎಚ್‌ಬಿ ಯಾಕೆ ಏರಲಿಲ್ಲ ಎಂದು ಕೂರಬೇಕಾಗುತ್ತದೆ.

ಅವರ ಫೆರಿಟಿನ್ 6 ಬಂತು.

ಡ್ರಿಪ್‌ನಲ್ಲಿ ಎರಡು ದಾರಿ ಇದೆ. ಐರನ್ ಸುಕ್ರೋಸ್ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಸಲಕ್ಕೆ 200 ಮಿಲಿಗ್ರಾಂ, ವಾರಕ್ಕೆ ಮೂರು ಸಲ. 1200ಕ್ಕೆ ಆರು ಸಲ ಬರಬೇಕು. ಕಾರ್ಬಾಕ್ಸಿಮಾಲ್ಟೋಸ್ ದುಬಾರಿ, ಆದರೆ ಇವರ ತೂಕಕ್ಕೆ ಒಂದೇ ಸಲ 1000 ಮಿಲಿಗ್ರಾಂ, ಅದೂ ಹದಿನೈದು ನಿಮಿಷದಲ್ಲಿ ಕೊಡಬಹುದು. ಆರು ಸಲ ಬಸ್ ಚಾರ್ಜ್, ಆರು ದಿನದ ಕೂಲಿ, ಜೊತೆಗೆ ಬರುವವರ ಕೂಲಿ ಎಲ್ಲ ಕೂಡಿಸಿದರೆ ದುಬಾರಿಯದೇ ಅಗ್ಗ ಆಗುವುದು ಎಷ್ಟೋ ಸಲ. ಈ ಲೆಕ್ಕವನ್ನು ಮನೆಯವರ ಜೊತೆ ಕೂತು ಮಾಡಬೇಕು. ಔಷಧಿ ಚೀಟಿ ಬರೆಯುವವರು ಬಸ್ಸಿನ ಲೆಕ್ಕ ಹಾಕುವುದು ಕಮ್ಮಿ.

ನಾನು ಡ್ರಿಪ್ ಹಾಕುವಾಗ ಅಂಗೈ ಹಿಂಭಾಗದ, ಮೊಣಕೈ ಮಡಿಕೆಯ ನರ ಬಿಟ್ಟು ಮುಂಗೈಯ ನೇರ ನರ ಹುಡುಕುತ್ತೇನೆ. ಮೊದಲು ಬರೀ ಸಲೈನ್ ಓಡಿಸಿ ಎಲ್ಲೂ ಊದುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕಬ್ಬಿಣ ಜೋಡಿಸುವುದು. ಗಾಢ ಕಂದು ಬಣ್ಣದ ದ್ರವ ಅದು. ಚರ್ಮದಡಿ ಸೋರಿದರೆ ಕಲೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಐದು ನಿಮಿಷ ಆಗಿತ್ತು. ಅಮ್ಮ "ಎದೆ ಹಿಡ್ದಂಗಾಗ್ತಿದೆ, ಬೆನ್ನು ನೋವು" ಅಂದರು. ಮುಖ ಕೆಂಪಾಗಿತ್ತು. ಸಿಸ್ಟರ್ ಕೂಡಲೇ ಅಲರ್ಜಿಗೆ ಕೊಡುವ ಅವಿಲ್ ಇಂಜೆಕ್ಷನ್ ಕೈಗೆತ್ತಿಕೊಂಡರು. ನಾನು ಬೇಡ ಅಂದು ಡ್ರಿಪ್ ನಿಲ್ಲಿಸಿದೆ. ಬಿಪಿ ಸರಿ ಇತ್ತು, ಉಬ್ಬಸ ಇಲ್ಲ, ತುಟಿ ಊದಿಲ್ಲ, ಮೈಮೇಲೆ ದದ್ದು ಇಲ್ಲ. ಇದು ಅಲರ್ಜಿ ಅಲ್ಲ, ಕಬ್ಬಿಣದ ಡ್ರಿಪ್‌ಗೆ ಕೆಲವರಲ್ಲಿ ಆಗುವ ಸಣ್ಣ ಪ್ರತಿಕ್ರಿಯೆ. ನಿಲ್ಲಿಸಿ ಕೈ ಹಿಡಿದು ಪಕ್ಕದಲ್ಲಿ ಕೂತರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಅಂಥ ಹೊತ್ತಲ್ಲಿ ಅವಿಲ್ ಕೊಟ್ಟರೆ ಬಿಪಿ ಇಳಿದು, ಮಂಪರು ಬಂದು, ಇಲ್ಲದ ಗಾಬರಿ ಹುಟ್ಟುತ್ತದೆ. ಹದಿನೈದು ನಿಮಿಷ ಬಿಟ್ಟು ನಿಧಾನಕ್ಕೆ ಮತ್ತೆ ಶುರು ಮಾಡಿದೆವು. ಪೂರ್ತಿ ಹೋಯಿತು. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಂಡೆವು. ನಿಜವಾದ ಅಲರ್ಜಿ ಬಹಳ ಅಪರೂಪ. ಆದರೂ ಆಗಬಹುದು, ಹಾಗಾಗಿ ಅಡ್ರಿನಲಿನ್ ಮತ್ತು ಆಕ್ಸಿಜನ್ ಇರುವ ಕಡೆಯೇ ಇದನ್ನು ಹಾಕಿಸಿಕೊಳ್ಳಬೇಕು. ಮನೆಗೆ ಬಂದು ಡ್ರಿಪ್ ಹಾಕುತ್ತೇವೆ ಅನ್ನುವವರ ಹತ್ತಿರ ಬೇಡವೇ ಬೇಡ. ಜ್ವರ, ಸೋಂಕು ಇರುವಾಗ, ಬಸಿರಿನ ಮೊದಲ ಮೂರು ತಿಂಗಳಲ್ಲಿ ಕಬ್ಬಿಣದ ಡ್ರಿಪ್ ಕೊಡುವುದಿಲ್ಲ. ಕಾರ್ಬಾಕ್ಸಿಮಾಲ್ಟೋಸ್ ಮತ್ತೆಮತ್ತೆ ಹಾಕಿದರೆ ರಕ್ತದಲ್ಲಿ ಫಾಸ್ಫೇಟ್ ಇಳಿಯಬಹುದು, ಸುಸ್ತು ಮೂಳೆನೋವು ಬಂದರೆ ಅದನ್ನೂ ನೆನಪಿಡಬೇಕು.

ಕಬ್ಬಿಣ ತುಂಬುವುದರ ಜೊತೆಗೆ ಸೋರುವುದನ್ನೂ ನಿಲ್ಲಿಸಬೇಕಲ್ವಾ? ಸ್ತ್ರೀರೋಗ ತಜ್ಞೆ ಮುಟ್ಟು ತಡೆಯುವ ಹಾರ್ಮೋನ್ ಮಾತ್ರೆ ಶುರು ಮಾಡಿದರು. ಹಾರ್ಮೋನ್ ಆಗದವರಿಗೆ ಮುಟ್ಟಿನ ದಿನಗಳಲ್ಲಿ ಮಾತ್ರ ರಕ್ತ ಹೋಗುವುದನ್ನು ಕಮ್ಮಿ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತಾರೆ. 1962ರಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಕಂಡುಹಿಡಿದ ಔಷಧಿ ಅದು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ಹೆಂಗಸರನ್ನು ಉಳಿಸಬೇಕು ಅನ್ನುವುದು ಆಕೆಯ ಆಸೆಯಾಗಿತ್ತು. ಆಪರೇಷನ್ ಟೇಬಲ್ ಮೇಲೆಯೂ ನಾನು ಇದನ್ನು ದಿನಾ ಬಳಸುತ್ತೇನೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ ಮಾತ್ರ ಕೊಡುವುದಿಲ್ಲ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಇರುವ ಸಾಧ್ಯತೆ ಜಾಸ್ತಿ, ಅದು ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತಿರುತ್ತದೆ. ಹುಳಕ್ಕೆ ಒಂದು ಆಲ್ಬೆಂಡಜೋಲ್ 400 ಮಾತ್ರೆ ನುಂಗಿಸಿದೆವು.

ನಾಲ್ಕು ವಾರ ಕಳೆದು ಬಂದಾಗ ಎಚ್‌ಬಿ 10.9. ಸೆರಗಿನ ಗಂಟಿನಲ್ಲಿ ಬಳಪ ಇರಲಿಲ್ಲ. ಆಪರೇಷನ್ ಆಯಿತು, ಒಂದು ಬಾಟ್ಲಿ ರಕ್ತವೂ ಬೇಕಾಗಲಿಲ್ಲ.

ಎಲ್ಲ ಕಡೆ ಇಷ್ಟು ಚೆನ್ನಾಗಿ ಆಗುತ್ತದೆ ಎಂದು ನಾನು ಹೇಳಿದರೆ ತಪ್ಪಾಗುತ್ತದೆ. 2020ರಲ್ಲಿ ಬ್ರಿಟನ್ನಿನ ಪ್ರಿವೆಂಟ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಹೊಟ್ಟೆಯ ದೊಡ್ಡ ಆಪರೇಷನ್‌ಗೆ ಕಾಯುತ್ತಿದ್ದ 487 ಜನರಲ್ಲಿ ಅರ್ಧ ಜನಕ್ಕೆ ಕಬ್ಬಿಣದ ಡ್ರಿಪ್, ಉಳಿದವರಿಗೆ ಬರೀ ಸಲೈನ್, ಆಪರೇಷನ್‌ಗೆ 10ರಿಂದ 42 ದಿನ ಮೊದಲು. ರಕ್ತ ಏರಿಸಬೇಕಾಗಿ ಬಂದವರ ಮತ್ತು ಸತ್ತವರ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಬ್ಬಿಣ ಪಡೆದವರ ಎಚ್‌ಬಿ ಆಮೇಲಿನ ತಿಂಗಳುಗಳಲ್ಲಿ ಮೇಲಿತ್ತು, ಮತ್ತೆ ಆಸ್ಪತ್ರೆಗೆ ಸೇರಬೇಕಾದವರು ಕಮ್ಮಿ ಇದ್ದರು. ಈ ಫಲಿತಾಂಶ ಹಿಡಿದು ಡ್ರಿಪ್ ದಂಡ ಅನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ನೋಡಿದ್ದು ರಕ್ತಹೀನತೆ ಇದೆಯಾ ಎಂದು, ಕಬ್ಬಿಣವೇ ಕಮ್ಮಿ ಇದೆಯಾ ಎಂದು ನೋಡಿರಲಿಲ್ಲ. ಅವರಲ್ಲಿ ಕ್ಯಾನ್ಸರ್ ರೋಗಿಗಳು ಬಹಳ. ಫೆರಿಟಿನ್ 6 ಇಟ್ಟುಕೊಂಡು ಎಚ್‌ಬಿ 7ಕ್ಕೆ ಬರುವ ನಮ್ಮ ತೋಟದ ಹೆಂಗಸಿನ ಸ್ಥಿತಿ ಬೇರೆ. ಇವರಿಗೆ ಕಬ್ಬಿಣ ಕೊಡುವುದು ಆಪರೇಷನ್ ಇರಲಿ ಬಿಡಲಿ ಮಾಡಲೇಬೇಕಾದ ಕೆಲಸ.

ಗಂಡಸರ ವಿಷಯ ಒಂದು ಹೇಳಿಬಿಡುತ್ತೇನೆ. ಹರ್ನಿಯಾ ಆಪರೇಷನ್‌ಗೆ ಎಂದು ಅರವತ್ತೈದು ದಾಟಿದ ಹಿರಿಯರೊಬ್ಬರು ಬಂದಿದ್ದರು. ಎಚ್‌ಬಿ 8.1, ಕಣ ಸಣ್ಣ. "ಊಟ ಸರಿಯಾಗಿ ಮಾಡಲ್ಲ ಮೇಡಂ ಇವ್ರು" ಅಂತ ಹೆಂಡತಿ. ಈ ವಯಸ್ಸಿನ ಗಂಡಸಿಗೆ ಕಬ್ಬಿಣ ಕಮ್ಮಿಯಾಗಿದೆ ಅಂದರೆ ಊಟದ ಮೇಲೆ ಹಾಕಿ ಸುಮ್ಮನಾಗಬಾರದು. ಎಲ್ಲೋ ರಕ್ತ ಸೋರುತ್ತಿದೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿರಬಹುದು, ಮೂಲವ್ಯಾಧಿ ಇರಬಹುದು, ಇನ್ನೂ ಕೆಟ್ಟದ್ದೂ ಇರಬಹುದು. ದೊಡ್ಡ ಕರುಳಿನ ಒಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೊಸ್ಕೋಪಿ ಮಾಡಿಸಿ ಎಂದು ಕಳಿಸಿದೆವು. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇತ್ತು. ಆ ಜಾಗದ ಕ್ಯಾನ್ಸರ್ ನೋವು ಕೊಡದೆ, ಕಣ್ಣಿಗೆ ರಕ್ತ ಕಾಣಿಸದೆ, ಬರೀ ಎಚ್‌ಬಿ ಇಳಿಸುತ್ತಾ ಕೂರುತ್ತದೆ. ಹರ್ನಿಯಾ ಪಕ್ಕಕ್ಕಿಟ್ಟು ಮೊದಲು ಅದನ್ನು ತೆಗೆದರು. ಎರಡು ಬಾಟ್ಲಿ ರಕ್ತ ಹಾಕಿ ಹರ್ನಿಯಾ ಮಾಡಿ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ನನಗೆ ಭಯವಾಗುತ್ತದೆ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೀಟ್‌ರೂಟ್ ಜ್ಯೂಸ್, ದಾಳಿಂಬೆ ಅಂತ ದುಡ್ಡು ಸುರಿಯುತ್ತಾರೆ. ಕೆಂಪಗಿದೆ ಅಂದಮಾತ್ರಕ್ಕೆ ರಕ್ತ ಆಗುವುದಿಲ್ಲ, ನೂರು ಗ್ರಾಂ ಬೀಟ್‌ರೂಟ್‌ನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ರಾಗಿ, ಹುರುಳಿ, ಸೊಪ್ಪು ಒಳ್ಳೆಯದೇ, ತಿನ್ನಿ. ಮಾಂಸ ತಿನ್ನುವವರಾದರೆ ಕುರಿಯ ಲಿವರ್, ಮಾಂಸದ ಕಬ್ಬಿಣ ಬೇಗ ಹತ್ತುತ್ತದೆ. ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟ ಆದ ಕೂಡಲೇ ಕಾಫಿ, ಟೀ ಬೇಡ, ಒಂದೆರಡು ಗಂಟೆ ಬಿಡಿ. ಕಾಫಿ ನಾಡಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಆದರೆ 1200 ಮಿಲಿಗ್ರಾಂ ಕೊರತೆಯನ್ನು ಒಂದು ತಿಂಗಳಲ್ಲಿ ಊಟದಿಂದ ತುಂಬಲು ಯಾರಿಂದಲೂ ಆಗುವುದಿಲ್ಲ.

ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಮಲಬದ್ಧತೆ ಅಂತ ಬಿಟ್ಟುಬಿಡುವವರು ಬಹಳ. ಜ್ಯೂರಿಕ್‌ನ ಸಂಶೋಧಕರು 2015 ಮತ್ತು 2017ರಲ್ಲಿ ಹೆಂಗಸರ ಮೇಲೆ ಮಾಡಿದ ಅಧ್ಯಯನಗಳಲ್ಲಿ, ಒಂದು ದಿನ ಕಬ್ಬಿಣ ನುಂಗಿದರೆ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರಿ ಮರುದಿನದ ಮಾತ್ರೆಯನ್ನು ಕರುಳು ಕಮ್ಮಿ ಹೀರುವಂತೆ ಮಾಡುತ್ತದೆ ಎಂದು ಗೊತ್ತಾಯಿತು. ದಿನ ಬಿಟ್ಟು ದಿನ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಸಿಗುವ ಪಾಲು ಜಾಸ್ತಿ. ದಿನಾ ತಡೆಯಲಾಗದವರಿಗೆ ನಾನು ಹಾಗೆ ಹೇಳುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ನಿಂಬೆ ನೀರಿನ ಜೊತೆ. ಹಾಲು, ಕ್ಯಾಲ್ಸಿಯಂ, ಗ್ಯಾಸ್ ಮಾತ್ರೆ ಜೊತೆ ಬೇಡ. ಖಾಲಿ ಹೊಟ್ಟೆಗೆ ಆಗದಿದ್ದರೆ ಊಟ ಮಾಡಿ ನುಂಗಿ, ಬಿಡುವುದಕ್ಕಿಂತ ಅದೇ ಮೇಲು. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ.

ಬಸುರಿಯರಿಗೆ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ತಪಾಸಣೆ ಇರುತ್ತದೆ, ಎಚ್‌ಬಿ ಉಚಿತವಾಗಿ ನೋಡುತ್ತಾರೆ. ಗರ್ಭಕೋಶದ ಗಡ್ಡೆಗೆ ಕಾಯುವ ಹೆಂಗಸರಿಗೆ ಅಂಥ ದಿನ ಇಲ್ಲ. ತೋಟದ ಮಾಲೀಕರಿಗೆ, ತೋಟದ ಲೆಕ್ಕ ನೋಡುವ ರೈಟರ್‌ಗಳಿಗೆ ನನ್ನ ಕೋರಿಕೆ ಇಷ್ಟೇ: ಕುಯ್ಲು ಶುರುವಾಗುವ ಮೊದಲು ನಿಮ್ಮ ಲೈನಿನ ಹೆಂಗಸರಿಗೆ ಒಂದು ಸಿಬಿಸಿ ಮಾಡಿಸಿ. ಆಪರೇಷನ್ ಆಗಬೇಕು ಅಂತ ಯಾವ ಡಾಕ್ಟರ್ ಹೇಳಿದರೂ ಅದೇ ದಿನ, ಅಲ್ಲೇ ಕೇಳಿ: "ನನ್ನ ಎಚ್‌ಬಿ ಎಷ್ಟು? ಫೆರಿಟಿನ್ ನೋಡಬೇಕಾ? ಆಪರೇಷನ್ ತನಕ ಏನು ತಗೊಳ್ಳಲಿ?" ಡೇಟ್ ಆಮೇಲೆ ಕೇಳಿದರೂ ನಡೆಯುತ್ತದೆ.

ಆಪರೇಷನ್ ಆದ ಮೇಲೆ ಕಬ್ಬಿಣ ನಿಲ್ಲಿಸುವವರೇ ಜಾಸ್ತಿ. ಗಾಯ ಮಾಯುವ ಮೊದಲ ಕೆಲವು ವಾರ ಮೈಯಲ್ಲಿ ಉರಿಯೂತ ಇರುತ್ತದೆ, ಹೆಪ್ಸಿಡಿನ್ ಏರಿರುತ್ತದೆ, ಆಗ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೆ ಎಚ್‌ಬಿ ತೀರಾ ಇಳಿದಿದ್ದರೆ, ಸೋಂಕು ಇಲ್ಲ ಎಂದು ನೋಡಿಕೊಂಡು, ಮನೆಗೆ ಕಳಿಸುವ ಮೊದಲೇ ಡ್ರಿಪ್ ಕೊಡುವುದು ಒಳ್ಳೆಯದು. ಆ ಅಮ್ಮನಿಗೆ ಉಳಿದ 200 ಮಿಲಿಗ್ರಾಂ ಹಾಗೇ ಕೊಟ್ಟೆವು. ಡ್ರಿಪ್ ಆದ ಕೂಡಲೇ ಫೆರಿಟಿನ್ ಮಾಡಿಸಬೇಡಿ, ಸುಳ್ಳು ಸಂಖ್ಯೆ ಬರುತ್ತದೆ, ಕನಿಷ್ಠ ನಾಲ್ಕು ವಾರ ಬಿಡಿ. ಮಾತ್ರೆ ತೆಗೆದುಕೊಳ್ಳುವವರು ಎಚ್‌ಬಿ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಿ, ಉಗ್ರಾಣ ತುಂಬಲು ಅಷ್ಟು ಬೇಕು. ಗಡ್ಡೆ ತೆಗೆದು, ಕಬ್ಬಿಣ ಕೊಟ್ಟು, ಎರಡು ತಿಂಗಳಾದರೂ ಎಚ್‌ಬಿ ಏರದಿದ್ದರೆ ಬೇರೆ ಕಂಪನಿಯ ಮಾತ್ರೆ ಬರೆಸಿಕೊಳ್ಳಲು ಹೋಗಬೇಡಿ. ಬಿ12 ನೋಡಿಸಿ, ಮಲ ಪರೀಕ್ಷೆ ಮಾಡಿಸಿ, ರಕ್ತ ಇನ್ನೆಲ್ಲಿ ಸೋರುತ್ತಿದೆ ಎಂದು ಹುಡುಕಲು ಡಾಕ್ಟರಿಗೆ ಹೇಳಿ.